15 ಗಂಟೆ 30 ನಿಮಿಷ ಅಂತ ತೋರಿಸಿದಿರಿ, ಅಮ್ಮನಿಗೆ ಹಿಡಿದದ್ದು 23 ಗಂಟೆ 30 ನಿಮಿಷ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಟಿಕೆಟ್‌ನಲ್ಲಿ ತಪ್ಪು ಪ್ರಯಾಣದ ಅವಧಿ ತೋರಿಸಿದ ಬಗ್ಗೆ

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ನಮ್ಮ ಅಮ್ಮ ತಂಗಿಯ ಮನೆಗೆ ಹೋಗಲು ನಿಮ್ಮ ಆ್ಯಪ್‌ನಲ್ಲಿ ಟಿಕೆಟ್ ಮಾಡಿಸಿದೆ. ಮೇಲುಗಡೆ ದಪ್ಪ ಅಕ್ಷರದಲ್ಲಿ 'ದೂರ 14,000 ಕಿ.ಮೀ., ಒಟ್ಟು ಪ್ರಯಾಣ 15 ಗಂಟೆ 30 ನಿಮಿಷ' ಎಂದಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು ಅಂತ ನಮಗೆ ಗೊತ್ತಿತ್ತು. ಆದರೆ 'ಒಟ್ಟು' ಅಂತ ನೀವೇ ಬರೆದ ಮೇಲೆ ಅದೂ ಸೇರಿದೆ ಎಂದೇ ಯಾರಾದರೂ ತಿಳಿಯುತ್ತಾರೆ, ಅಲ್ವಾ?

ಅಮ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ತಗೋತಾರೆ. ಎಷ್ಟು ಹೊತ್ತಿಗೆ ಊಟ, ಎಷ್ಟು ಹೊತ್ತಿಗೆ ಸೂಜಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟದ್ದು ನಿಮ್ಮ ಲೆಕ್ಕ ನಂಬಿಯೇ. ಚೀಟಿಯ ಕೊನೆಯ ಸಾಲು ಮುಗಿದಾಗ ಅವರು ಎರಡನೇ ವಿಮಾನದಲ್ಲಿದ್ದರು. ಇಳಿಯಲು ಇನ್ನೂ ಎಂಟು ಗಂಟೆ ಬಾಕಿ. ಸೂಜಿ ಹಾಕಿಕೊಳ್ಳಲೂ ಭಯ, ಉಣ್ಣಲೂ ಭಯ. ಇನ್ಸುಲಿನ್ ಪೆನ್ನಿನ ಚೀಲ ತೊಡೆ ಮೇಲಿಟ್ಟುಕೊಂಡು ಹಾಗೇ ಕೂತಿದ್ದರಂತೆ. ತಂಗಿ ಕರೆದುಕೊಳ್ಳಲು ಹೋದಾಗ ಕಾಲು ಊದಿತ್ತು, ಮಾತಾಡಲೂ ತ್ರಾಣ ಇರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. 14,000 ಕಿ.ಮೀ. ಎಂಬುದು ಎರಡು ಊರುಗಳ ನಡುವಿನ ನೇರ ದೂರ. ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹೆಚ್ಚುಕಡಿಮೆ ನಿಮ್ಮ ಹದಿನೈದೂವರೆ ಗಂಟೆಯೇ ಬರುತ್ತದೆ. ಆದರೆ ನೀವು ಮಾರಿದ ಟಿಕೆಟ್ ಆ ದಾರಿಯದ್ದಲ್ಲ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಸುಮಾರು 16,500 ಕಿ.ಮೀ. ಆಗುತ್ತದೆ. ಮೊದಲ ಹಾರಾಟ 10 ಗಂಟೆ, ಕಾಯುವುದು 2, ಎರಡನೆಯದು ಹನ್ನೊಂದೂವರೆ.

ಟಿಕೆಟ್‌ನಲ್ಲಿ ಹೊರಡುವ, ತಲುಪುವ ವೇಳೆ ಇತ್ತಲ್ಲ ಎಂದು ನಿಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಬೆಳಗಿನ ಜಾವ 3ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 1ಕ್ಕೆ ಇಳಿಯುವುದು ಅಂತಿತ್ತು. ಎರಡೂ ಆಯಾ ಊರಿನ ಗಡಿಯಾರದ ವೇಳೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದೆ ಮಾಡಿದ ಮೇಲೆ ಹನ್ನೆರಡೂವರೆ. ಇದನ್ನು ಪ್ರಯಾಣಿಕರೇ ಕೂಡಿ ಕಳೆದು ನೋಡಬೇಕಾದರೆ ನಿಮ್ಮ ಆ್ಯಪ್ ಯಾಕೆ ಬೇಕು?

ವಾಪಸ್ ಬರುವ ಟಿಕೆಟ್‌ನಲ್ಲೂ ಅದೇ ಹದಿನೈದೂವರೆ ಗಂಟೆ ಇದೆ. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಈ ದಾರಿಯಲ್ಲಿ ಬರುವಾಗ ಸಾಮಾನ್ಯವಾಗಿ ಕಡಿಮೆ ಹೊತ್ತು ಸಾಕು. ಎರಡೂ ಕಡೆಗೆ ಒಂದೇ ಸಂಖ್ಯೆ ಹಾಕಿದ್ದೀರಿ ಎಂದರೆ ಯಾರೂ ನೋಡಿಯೇ ಇಲ್ಲ.

'ಅದು ಅಂದಾಜು ಮಾತ್ರ' ಎಂಬ ಉತ್ತರ ನನಗೆ ಬೇಡ. ವಿಮಾನ ಬದಲಿಸುವ ಟಿಕೆಟ್‌ಗಳಿಂದ ಈ ಸಂಖ್ಯೆ ತೆಗೆಯಿರಿ. ಮೊದಲ ವಿಮಾನ ಹೊರಟಲ್ಲಿಂದ ಕೊನೆಯದು ಇಳಿಯುವವರೆಗಿನ ಪೂರ್ತಿ ಸಮಯವನ್ನು, ಕಾಯುವ ಹೊತ್ತೂ ಸೇರಿಸಿ, ಅದೇ ಜಾಗದಲ್ಲಿ ಅದೇ ದಪ್ಪ ಅಕ್ಷರದಲ್ಲಿ ಹಾಕಿ. ನನ್ನಿಂದ ಪಡೆದ ಕನ್ವೀನಿಯನ್ಸ್ ಫೀ ವಾಪಸ್ ಕೊಡಿ. ಅಮ್ಮ ಏಪ್ರಿಲ್‌ನಲ್ಲಿ ಹಿಂದಿರುಗುತ್ತಾರೆ. ಡಾಕ್ಟರಿಗೆ ತೋರಿಸಲು ಆ ಪ್ರಯಾಣದ ಸರಿಯಾದ ವೇಳೆಯನ್ನು 15 ದಿನದೊಳಗೆ ಬರಹದಲ್ಲಿ ಕಳುಹಿಸಿ. ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಟಿಕೆಟ್‌ನ ಪ್ರತಿ ಮತ್ತು ಆ್ಯಪ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು