ಶನಿವಾರದ ಸೆಷನ್‌ಗೆ ಮುಂಚೆ ನ್ಯೂರಾನ್ ಇನ್‌ಸ್ಟಾಲ್ ಮಾಡ್ಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪಲ್ಲಿ ನ್ಯೂರಾನ್ ಸಾಫ್ಟ್‌ವೇರ್ (ನರಕೋಶಗಳ ವಿದ್ಯುತ್ ಚಟುವಟಿಕೆನ ಕಂಪ್ಯೂಟರ್‌ನಲ್ಲಿ ಅನುಕರಿಸೋ ಪ್ರೋಗ್ರಾಂ) ಹಾಕ್ಕೊಂಡು ಬನ್ನಿ, ಆದ್ರೆ ದಯವಿಟ್ಟು ಸಿಸ್ಟಮ್ ಪೈಥಾನ್‌ಗೆ ನೇರವಾಗಿ ಹಾಕ್ಬೇಡಿ, ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಬೇರೆ ಪ್ಯಾಕೇಜ್‌ಗಳ ಜೊತೆ ಬೆರೆಯದ ಪ್ರತ್ಯೇಕ ಪೈಥಾನ್ ಜಾಗ) ಮಾಡಿ ಅದ್ರೊಳಗೇ ಹಾಕಿ. ಹೊಸ ಉಬುಂಟುನಲ್ಲಂತೂ ಅದರ ಹೊರಗಡೆ ಪಿಪ್ (ಪೈಥಾನ್ ಪ್ಯಾಕೇಜ್ ಹಾಕೋ ಕಮಾಂಡ್) ಓಡಿಸಿದ್ರೆ ಎರರ್ ಕೊಟ್ಟು ನಿಲ್ಲಿಸಿಬಿಡುತ್ತೆ. ಎನ್ವಿರಾನ್‌ಮೆಂಟ್ ಆ್ಯಕ್ಟಿವೇಟ್ ಮಾಡಿದ್ಮೇಲೆ ಟರ್ಮಿನಲ್ ಪ್ರಾಂಪ್ಟ್ ಮುಂದೆ ಬ್ರ್ಯಾಕೆಟ್‌ನಲ್ಲಿ ಅದರ ಹೆಸರು ಕಾಣ್ಬೇಕು, ಕಾಣ್ದೇ ಇದ್ರೆ ಮುಂದೆ ಹೋಗ್ಬೇಡಿ. ಆಮೇಲೆ ಪಿಪ್ ಇನ್‌ಸ್ಟಾಲ್ ನ್ಯೂರಾನ್, ಅಷ್ಟೇ. ವಿಂಡೋಸ್‌ನವ್ರು ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಸೌಲಭ್ಯ) ಒಳಗೆ ಉಬುಂಟು ಹಾಕಿ ಇದನ್ನೇ ಮಾಡಿ.

ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು ಮಾಡ್ ಫೈಲ್‌ಗಳಲ್ಲಿ. ಅಯಾನ್ ಚಾನೆಲ್‌ಗಳ (ಕೋಶದ ಪೊರೆಯಲ್ಲಿ ಅಯಾನ್‌ಗಳನ್ನ ಹಾಯಿಸೋ ದ್ವಾರಗಳು) ಸಮೀಕರಣ ಇರೋದು ಇದ್ರಲ್ಲೇ, ಇವನ್ನ ಎನ್‌ಆರ್‌ಎನ್‌ಐವಿಮಾಡ್ಲ್ ಅನ್ನೋ ಕಮಾಂಡಿಂದ ಕಂಪೈಲ್ ಮಾಡ್ಬೇಕು, ಅದಕ್ಕೆ ಸಿ ಪ್ಲಸ್ ಪ್ಲಸ್ ಕಂಪೈಲರ್ ಮೊದ್ಲೇ ಇರ್ಬೇಕು. ಹಳೇ ವರ್ಷನ್‌ನಲ್ಲಿ ಕಂಪೈಲ್ ಮಾಡಿದ ಫೋಲ್ಡರ್ (ಎಕ್ಸ್86_64 ಅಂತ ಇರುತ್ತೆ, ಹೊಸ ಮ್ಯಾಕ್‌ನಲ್ಲಿ ಆರ್ಮ್64) ಅಲ್ಲೇ ಬಿದ್ದಿದ್ರೆ ಡಿಲೀಟ್ ಮಾಡಿ ಮತ್ತೆ ಕಂಪೈಲ್ ಮಾಡಿ, ನಾನು ಇದೊಂದನ್ನ ಮರೆತು ಒಂದಿಡೀ ಸಂಜೆ ಕಳ್ಕೊಂಡೆ. ಮುಂಚೆ ಪೈಥಾನ್‌ಪಾತ್ (ಪೈಥಾನ್ ಪ್ಯಾಕೇಜ್‌ಗಳನ್ನ ಎಲ್ಲಿ ಹುಡುಕ್ಬೇಕು ಅಂತ ಹೇಳೋ ಸೆಟ್ಟಿಂಗ್) ಸೆಟ್ ಮಾಡಿದ್ರೆ ಅದನ್ನೂ ತೆಗೀರಿ, ನ್ಯೂರಾನ್‌ನ ಹಳೇ ಕಾಪಿ ಒಳಗೆ ನುಗ್ಗಿಬಿಡುತ್ತೆ.

ಸರಿ ಆಗಿದೆಯಾ ನೋಡೋಕೆ ಒಂದು ಸೆಕ್ಷನ್ (ನರಕೋಶದ ಒಂದು ತುಂಡು) ಮಾಡಿ ಅದ್ರಲ್ಲಿ ಎಚ್‌ಎಚ್ ಇನ್ಸರ್ಟ್ ಮಾಡಿ, 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಅನ್ನೋ ಸಮುದ್ರ ಜೀವಿಯ ದಪ್ಪ ನರದ ಮೇಲೆ ಕಟ್ಟಿದ ಮಾಡೆಲ್ ಅದು. ಪೊರೆಯ ವೋಲ್ಟೇಜ್ ಮೈನಸ್ 65 ಮಿಲಿವೋಲ್ಟಿಂದ ಶುರುವಾಗಿ, ಸಾಕಷ್ಟು ಕರೆಂಟ್ ಕೊಟ್ಟಾಗ ಸೊನ್ನೆ ದಾಟಿ ಮೇಲೆ ಹಾರ್ಬೇಕು, ಇದೇ ಸ್ಪೈಕ್, ಮೊದಲ್ನೇ ಸಲ ಅದನ್ನ ನೋಡಿದಾಗ ತುಂಬಾ ಖುಷಿಯಾಗುತ್ತೆ. ಟೆಂಪರೇಚರ್ 6.3 ಡಿಗ್ರಿ ಅಂತ ಇರುತ್ತೆ, ಸ್ಕ್ವಿಡ್ ಪ್ರಯೋಗದ ಲೆಕ್ಕ, ಸದ್ಯಕ್ಕೆ ಮುಟ್ಬೇಡಿ.

ಎರರ್ ಬಂದ್ರೆ ಕೊನೇ ಸಾಲು ಮಾತ್ರ ಅಲ್ಲ, ಪೂರ್ತಿ ಕಾಪಿ ಮಾಡಿ ಇಲ್ಲೇ ಹಾಕಿ, ರಾತ್ರಿ 10ರವರೆಗೂ ನೋಡ್ತಿರ್ತೀನಿ.