ಬಾಟಲಿ ಮೈಸೂರಿಗೆ ಹೋಗಲಿ, ರೋಗಿಯಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ವಾಂತಿಭೇದಿ ಹೊಸದಲ್ಲ. ಕಳೆದ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು), ಆರು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ತರುವ ದೀರ್ಘಕಾಲದ ಕಾಯಿಲೆ) ಇರುವ ನನ್ನ ತಮ್ಮನಿಗೆ ದಿನಕ್ಕೆ ಹತ್ತು ಹನ್ನೆರಡು ಬಾರಿ ರಕ್ತಭೇದಿಯಾದಾಗ, ಹಳೆಯ ಕಾಯಿಲೆಯೇ ಕೆರಳಿದೆ ಎಂದು ಎಲ್ಲರೂ ಭಾವಿಸಿದೆವು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಪ್ರಮಾಣ ಏರಿತು, ರಕ್ತ ನಿಲ್ಲಲಿಲ್ಲ, ಮತ್ತೆ ಏರಿತು.

ಕೊನೆಗೆ ಒಬ್ಬ ವೈದ್ಯರು ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಕರುಳಿನ ತಪಾಸಣೆ) ಮಾಡಿ, ಹುಣ್ಣಿನ ತಳದಿಂದ ಚೂರು ತೆಗೆದು, ಅದು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣ ತುಂಬಿದ ಹೆಬ್ಬೆರಳುದ್ದದ ಬಾಟಲಿಯನ್ನು ನನ್ನ ಕೈಗಿತ್ತರು. ಮೈಸೂರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ಪರೀಕ್ಷೆಯಲ್ಲಿ ಸೈಟೋಮೆಗಾಲೋವೈರಸ್ ಸಿಕ್ಕಿತು. ವೈರಸ್ ನಿಗ್ರಹಿಸುವ ಗ್ಯಾನ್ಸಿಕ್ಲೋವಿರ್ ಔಷಧಿಯ ಡ್ರಿಪ್ ಆರಂಭಿಸಿ ಸ್ಟೀರಾಯ್ಡ್ ಇಳಿಸಿದ ಮೇಲೆ ಅವನು ಚೇತರಿಸಿಕೊಂಡ.

ಹರ್ಪಿಸ್ ಕುಟುಂಬಕ್ಕೆ ಸೇರಿದ ಈ ವೈರಸ್ ನಮ್ಮಲ್ಲಿ ಹೆಚ್ಚಿನವರ ದೇಹಕ್ಕೆ ಬಾಲ್ಯದಲ್ಲೇ ಸೇರಿ, ಜೀವಮಾನವಿಡೀ ತೆಪ್ಪಗಿರುತ್ತದೆ. ಸ್ಟೀರಾಯ್ಡ್, ಅಜಥಯೋಪ್ರಿನ್‌ನಂತಹ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ, ಅದರಲ್ಲೂ ಉರಿಯೂತವಿರುವ ಕರುಳಿನಲ್ಲಿ, ಮತ್ತೆ ಏಳಬಹುದು. ಔಷಧಿ ಸಾಲದೆ ಬರುವ ರಕ್ತಭೇದಿಗೂ ವೈರಸ್‌ನಿಂದ ಬರುವ ರಕ್ತಭೇದಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲದಿರುವುದೇ ಇಲ್ಲಿನ ತೊಡಕು. ಹಿಂದೆಂದೋ ಸೋಂಕು ತಗುಲಿದ್ದನ್ನಷ್ಟೇ ಹೇಳುವ ರಕ್ತದ ಪ್ರತಿಕಾಯ ಪರೀಕ್ಷೆಯೂ ನೆರವಾಗದು. ಕರುಳಿನ ಚೂರಿನಲ್ಲೇ, ಗೂಬೆಯ ಕಣ್ಣಿನಂತೆ ಕಾಣುವ ಕೋಶಗಳನ್ನೋ ವಿಶೇಷ ಬಣ್ಣಲೇಪನದಲ್ಲಿ ವೈರಸ್‌ನ ಗುರುತನ್ನೋ ಹುಡುಕಬೇಕು.

ಎಲ್ಲ ರಕ್ತಭೇದಿಗೂ ಈ ಪರೀಕ್ಷೆ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತೀವ್ರ ಕೊಲೈಟಿಸ್‌ನಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಮೂರು ದಿನಗಳಾದರೂ ಗುಣ ಕಾಣದಿದ್ದರೆ ಅದನ್ನು ಕೇಳಲೇಬೇಕು. ಕೊಲೈಟಿಸ್‌ಗೆ ಕೊಡುವ, ರೋಗನಿರೋಧಕ ವ್ಯವಸ್ಥೆಯನ್ನು ಹತ್ತಿಕ್ಕುವ ಬಯಾಲಜಿಕ್ ಚುಚ್ಚುಮದ್ದು ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂಬುದನ್ನೂ ಮನೆಯವರು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಅದೂ ಹೀಗೆಯೇ ಮರುಕಳಿಸುವ ವೈರಸ್.

ಫಾರ್ಮಲಿನ್‌ನಲ್ಲಿಟ್ಟ ಚೂರು ಪ್ರಯಾಣವನ್ನು ತಡೆದುಕೊಳ್ಳುತ್ತದೆ. ರಕ್ತ ಹೋಗಿ ಸೊರಗಿದ ರೋಗಿಗೆ ಮಡಿಕೇರಿಯಿಂದ ಮೈಸೂರಿನವರೆಗಿನ ಸುಮಾರು 120 ಕಿ.ಮೀ. ದಾರಿ, ಅದೂ ಮಳೆಗಾಲದಲ್ಲಿ, ಸುಲಭವಲ್ಲ. ಆದ್ದರಿಂದ ಜಿಲ್ಲೆಯ ಯಾವುದೇ ತಾಲ್ಲೂಕಿನಲ್ಲಿ ತೆಗೆದ ಇಂತಹ ಚೂರುಗಳನ್ನು ಸಂಗ್ರಹಿಸಿ, ಪರೀಕ್ಷಾ ಸೌಲಭ್ಯವಿರುವಲ್ಲಿಗೆ ತಲುಪಿಸಿ, ವರದಿಯನ್ನು ವೈದ್ಯರ ಮೊಬೈಲ್‌ಗೇ ಕಳುಹಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮುಂದಿನ ಮಳೆಗಾಲಕ್ಕೆ ಮುನ್ನ ಮಾಡಬೇಕೆಂದು ಕೋರುತ್ತೇನೆ.

— ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು