ವಾಕಿಂಗ್ ಒಂದೇ ಸಾಲದು

ಮಾನ್ಯರೇ,

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೇ ಹಿರಿಯರ ದಂಡು. ಅರ್ಧ ಗಂಟೆ ನಡಿಗೆ, ಮುಕ್ಕಾಲು ಗಂಟೆ ರಾಜಕೀಯ, ಆಮೇಲೆ ಮನೆ. (ನಾನೂ ಆ ಗುಂಪಿನವನೇ.) ನಡಿಗೆ ಹೃದಯಕ್ಕೆ ಒಳ್ಳೆಯದು, ನಿಜ. ಆದರೆ ಅರವತ್ತರ ನಂತರ ಬೇಗ ಬೇಗ ಕರಗುವ ಮಾಂಸಖಂಡಕ್ಕೆ ಅದು ಸಾಲದು. ನೆಲದ ಮೇಲೆ ಊಟಕ್ಕೆ ಕೂತವರು ಏಳುವಾಗ ಗೋಡೆ ಹುಡುಕುವುದಕ್ಕೆ ಮಂಡಿನೋವಷ್ಟೇ ಕಾರಣವಲ್ಲ, ತೊಡೆಯ ಬಲವೂ ಹೋಗಿರುತ್ತದೆ.

65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆಯ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. 'ಈ ವಯಸ್ಸಲ್ಲಿ ಇದೆಲ್ಲ ಯಾಕೆ' ಎನ್ನುವವರು ಕೇಳಿ: 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 90ರ ಆಸುಪಾಸಿನ ವೃದ್ಧಾಶ್ರಮವಾಸಿಗಳು ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿದ್ದರು. ಅವರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗೂ ಹೆಚ್ಚಾಯಿತು!

ಪಾರ್ಕಿನ ಓಪನ್ ಜಿಮ್‌ನ ಅರ್ಧ ಉಪಕರಣಗಳು ತುಕ್ಕು ಹಿಡಿದಿವೆ. ನಮಗೆ ಅವು ಬೇಡ. ಹಿಡಿದು ನಿಲ್ಲಲು ಉದ್ದನೆಯ ಕಂಬಿ, ಕೈಯೂರಿ ಏಳಲು ಹಿಡಿಕೆಯಿರುವ ಬೆಂಚು, ವಾರಕ್ಕೊಮ್ಮೆ ಬಂದು ಹೇಳಿಕೊಡುವ ಫಿಸಿಯೊಥೆರಪಿಸ್ಟ್: ಇಷ್ಟನ್ನು ಪಾಲಿಕೆ ಒದಗಿಸಲಿ.

– ನಿವೃತ್ತ ಶಿಕ್ಷಕ, ಮೈಸೂರು